ಜರ್ಮನಿಗೆ ಅರ್ಜಿ ಹಾಕುವ ಮುನ್ನ ನಿಮ್ಮ ರೆಸ್ಯೂಮೆಯನ್ನು ಮತ್ತೊಮ್ಮೆ ಓದಿ

ಇಲ್ಲಿ ಜರ್ಮನಿಯಲ್ಲಿ ಕೆಲಸ ಹುಡುಕುತ್ತಿರುವ ಊರಿನ ಹುಡುಗ ಹುಡುಗಿಯರು ರೆಸ್ಯೂಮೆ ಕಳಿಸಿ "ಅಕ್ಕಾ, ಒಂದ್ಸಲ ನೋಡ್ತೀರಾ?" ಅಂತ ಕೇಳುತ್ತಾರೆ. ಚೆನ್ನಾಗಿ ಓದಿದವರು, ಕೆಲಸ ಬಲ್ಲವರು. ಹಾಗಿದ್ದೂ ಹತ್ತಾರು ಕಡೆ ಅರ್ಜಿ ಹಾಕಿ ಒಂದು ಉತ್ತರವೂ ಬರಲಿಲ್ಲ ಅಂದಾಗ ಸಂಕಟವಾಗುತ್ತದೆ. ವೀಸಾ, ಭಾಷೆ ಅಂತ ಕಾರಣಗಳು ಬೇರೆಯೂ ಇರುತ್ತವೆ, ನಿಜ. ಆದರೆ ನಾನು ನೋಡಿದ ಬಹಳಷ್ಟು ರೆಸ್ಯೂಮೆಗಳಲ್ಲಿ ಆ ವ್ಯಕ್ತಿ ಏನು ಕೆಲಸ ಮಾಡುತ್ತಾನೆ ಅನ್ನುವುದೇ ಗೊತ್ತಾಗುವುದಿಲ್ಲ.

ಮೊದಲು ಒಂದು ವಿಷಯ. ಒಂದೇ ಫೈಲನ್ನು ಎಲ್ಲ ದೇಶಕ್ಕೂ ಕಳಿಸಬೇಡಿ. ಅಮೆರಿಕದಲ್ಲಿ ರೆಸ್ಯೂಮೆ ಅಂದರೆ ಒಂದು, ಹೆಚ್ಚೆಂದರೆ ಎರಡು ಪುಟ. ಅಲ್ಲಿ ಸಿವಿ ಅನ್ನುವುದು ಮುಖ್ಯವಾಗಿ ಸಂಶೋಧಕರು, ಪ್ರಾಧ್ಯಾಪಕರು ತಮ್ಮ ಪ್ರಬಂಧ, ಪಾಠ, ಅನುದಾನಗಳನ್ನೆಲ್ಲ ಪಟ್ಟಿ ಮಾಡುವ ಉದ್ದದ ದಾಖಲೆ. ಬ್ರಿಟನ್ನಿನಲ್ಲಿ ಸಾಮಾನ್ಯ ಕೆಲಸಕ್ಕೆ ಕೊಡುವ ಎರಡು ಪುಟಕ್ಕೂ ಸಿವಿ ಅಂತಲೇ ಹೆಸರು. ಈ ಎರಡೂ ದೇಶಗಳಲ್ಲಿ ಫೋಟೋ ಹಾಕುವುದಿಲ್ಲ. ಜರ್ಮನಿಯಲ್ಲಿ ಕೇಳುವುದು ಲೇಬೆನ್ಸ್‌ಲೌಫ್. ಇದೂ ಒಂದೆರಡು ಪುಟದ್ದೇ, ಆದರೆ ಓದುವ ಕಣ್ಣು ಬೇರೆ.

ಆ ಕಣ್ಣು ಮೊದಲು ಹೋಗುವುದು ತಾರೀಖುಗಳ ಮೇಲೆ. ಎಡಗಡೆ ತಿಂಗಳು ಮತ್ತು ವರ್ಷ, ಬಲಗಡೆ ಹುದ್ದೆ, ಕಂಪನಿ, ಊರು. ಈಗಿನ ಕೆಲಸ ಮೇಲೆ, ಹಳೆಯದು ಕೆಳಗೆ. "06/2019 – 03/2023" ಎಂದು ತಿಂಗಳ ಸಮೇತ ಬರೆಯಿರಿ. ಬರೀ "2019–2023" ಅಂತ ಬರೆದರೆ ನಡುವೆ ಏನೋ ಮುಚ್ಚಿಟ್ಟಿದ್ದಾರೆ ಅನ್ನುವ ಅನುಮಾನ ಬರುತ್ತದೆ. ಒಂದೆರಡು ತಿಂಗಳ ಖಾಲಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಒಂದು ಸಾಲು ಬರೆದುಬಿಡಿ: ಮಗುವಿನ ಪಾಲನೆ, ಅಪ್ಪ ಅಮ್ಮನ ಆರೈಕೆ, ಪರೀಕ್ಷೆಯ ತಯಾರಿ, ಏನಿತ್ತೋ ಅದು. ಮಗುವಿಗಾಗಿ ಕೆಲಸ ಬಿಟ್ಟ ಹೆಣ್ಣುಮಕ್ಕಳು ಇದನ್ನು ಅಡಗಿಸಲು ಪಡುವ ಪಾಡು ನೋಡಿದ್ದೇನೆ. ಖಂಡಿತ ಅಡಗಿಸಬೇಡಿ. ಇಲ್ಲಿ ಮಗುವಾದಾಗ ರಜೆ ಹಾಕುವುದು ಕಾನೂನು ಕೊಟ್ಟ ಹಕ್ಕು, ಅಪ್ಪಂದಿರೂ ಹಾಕುತ್ತಾರೆ.

ಈಚೆಗೆ ಗೆಳತಿಯ ತಂಗಿ ತನ್ನ ರೆಸ್ಯೂಮೆ ಕಳಿಸಿದ್ದಳು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದಾಳೆ. ಮೇಲ್ಗಡೆ ನಾಲ್ಕು ಸಾಲಿನ "ಆಬ್ಜೆಕ್ಟಿವ್", ಕೆಳಗೆ ಸ್ಕಿಲ್‌ಗಳ ದೊಡ್ಡ ಡಬ್ಬಿ. ಆಮೇಲೆ ಪ್ರಾಜೆಕ್ಟ್‌ಗಳು: ಕ್ಲೈಂಟ್ ಯಾವ ದೇಶದವರು, ಅವರ ವ್ಯವಹಾರ ಏನು ಅಂತೆಲ್ಲ ಉದ್ದಕ್ಕೆ ವಿವರಣೆ. ಇವಳ ಪಾಲಿನದು ಒಂದೇ ಸಾಲು, "ರೆಸ್ಪಾನ್ಸಿಬಲ್ ಫಾರ್ ಟೆಸ್ಟಿಂಗ್ ಆಕ್ಟಿವಿಟೀಸ್". ಫೋನ್ ಮಾಡಿ "ಅದೆಲ್ಲ ಬಿಡು, ನೀನು ದಿನಾ ಏನ್ ಮಾಡ್ತಿದ್ದೆ ಹೇಳು" ಅಂದೆ. ಹಣ ಪಾವತಿಸುವ ಆಪ್‌ನ ಪ್ರತಿ ಹೊಸ ಆವೃತ್ತಿಗೂ ಮುಂಚೆ ಇಡೀ ತಂಡ ಎರಡು ದಿನ ಕೂತು ಕೈಯಿಂದಲೇ ಪರೀಕ್ಷೆ ಮಾಡುತ್ತಿತ್ತಂತೆ. ಇವಳು ಸೆಲೆನಿಯಂ ಎಂಬ, ಪರೀಕ್ಷೆಯನ್ನು ತಾನಾಗಿಯೇ ನಡೆಸುವ ಸಾಧನದಲ್ಲಿ ಸ್ಕ್ರಿಪ್ಟ್ ಬರೆದಿಟ್ಟ ಮೇಲೆ ಅದು ಒಂದು ರಾತ್ರಿಯಲ್ಲಿ ತಾನಾಗಿಯೇ ಮುಗಿಯತೊಡಗಿತಂತೆ. "ಇದನ್ನ ಯಾಕೆ ಬರೀಲಿಲ್ಲ?" ಅಂದರೆ "ಅದು ಟೀಮ್ ಕೆಲಸ ಅಲ್ವಾ ಅಕ್ಕಾ" ಅಂದಳು. ತಂಡದ ಕೆಲಸವೇ ಇರಬಹುದು. ಸ್ಕ್ರಿಪ್ಟ್ ಬರೆದವಳು ಇವಳು. ಪ್ರತಿ ಪ್ರಾಜೆಕ್ಟಿನ ಕೆಳಗೆ ಇಂಥ ಎರಡು ಮೂರು ಸಾಲು ಸಾಕು. ಸ್ಕಿಲ್ ಡಬ್ಬಿಯಲ್ಲಿ, ಸಂದರ್ಶನದಲ್ಲಿ ಕೇಳಿದರೆ ಹತ್ತು ನಿಮಿಷ ಮಾತಾಡಬಲ್ಲ ಹೆಸರುಗಳನ್ನಷ್ಟೇ ಉಳಿಸಿಕೊಳ್ಳಿ.

ತೆಗೆದುಹಾಕಬೇಕಾದ್ದು: ತಂದೆಯ ಹೆಸರು, ಜಾತಿ ಧರ್ಮ, ಪಾಸ್‌ಪೋರ್ಟ್ ಸಂಖ್ಯೆ, ಕೊನೆಯ "ಮೇಲಿನದೆಲ್ಲ ಸತ್ಯ" ಎಂಬ ಘೋಷಣೆ. ಡಿಗ್ರಿ ಇದ್ದವರಿಗೆ ಎಸ್ಸೆಸ್ಸೆಲ್ಸಿ ಅಂಕವೂ ಬೇಡ. ಫೋಟೋ ಕಡ್ಡಾಯವಲ್ಲ. 2006ರಲ್ಲಿ ತಾರತಮ್ಯ ತಡೆ ಕಾನೂನು ಬಂದ ಮೇಲೆ ಕಂಪನಿಗಳು ಅದನ್ನು ಕೇಳಲು ಹಿಂಜರಿಯುತ್ತವೆ, ಆದರೂ ಹಾಕುವವರು ಇನ್ನೂ ಬಹಳ ಜನ ಇದ್ದಾರೆ. ಸ್ಟುಡಿಯೋದಲ್ಲಿ ತೆಗೆಸಿದ್ದು ಇದ್ದರೆ ಹಾಕಿ, ಮದುವೆ ಮನೆಯ ಗುಂಪಿನಿಂದ ಕತ್ತರಿಸಿದ್ದಾದರೆ ಬೇಡವೇ ಬೇಡ. ವೀಸಾ ಇದೆಯೋ, ಬೇಕಾಗುತ್ತದೋ, ಯಾವ ತಿಂಗಳಿಂದ ಸೇರಬಹುದು ಅನ್ನುವುದನ್ನು ಮಾತ್ರ ಸ್ಪಷ್ಟವಾಗಿ ಬರೆಯಿರಿ.

ಅಂಕದ ವಿಚಾರದಲ್ಲಿ ಎಚ್ಚರ. ಇಲ್ಲಿ 1 ಅಂದರೆ ಅತ್ಯುತ್ತಮ, 5 ಅಂದರೆ ಫೇಲು. ಬರೀ "8.4" ಅಂತ ಬರೆದರೆ ಅರ್ಥವೇ ಆಗುವುದಿಲ್ಲ, "8.4/10" ಎಂದು ಬರೆಯಿರಿ. ನಿಮ್ಮ ವಿಶ್ವವಿದ್ಯಾಲಯ ಅನಾಬಿನ್ ಎಂಬ ಸರ್ಕಾರಿ ಮಾಹಿತಿಕೋಶದಲ್ಲಿ "ಎಚ್ ಪ್ಲಸ್", ಅಂದರೆ ಮಾನ್ಯತೆ ಇರುವಂಥದ್ದು, ಎಂದಿದೆಯೇ, ನಿಮ್ಮ ಪದವಿಯೂ ಅಲ್ಲಿದೆಯೇ ಎಂದು ಮೊದಲೇ ನೋಡಿ, ಆ ಪುಟಗಳನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ, ವೀಸಾಕ್ಕೂ ಬೇಕಾಗುತ್ತದೆ.

ಇನ್ನು ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ್ದು ತ್ಸೊಯ್ಗ್ನಿಸ್. ಕೆಲಸ ಬಿಡುವಾಗ ಕಂಪನಿಯಿಂದ ಲಿಖಿತ ಪ್ರಮಾಣಪತ್ರ ಪಡೆಯುವುದು ಜರ್ಮನಿಯಲ್ಲಿ ನೌಕರನ ಹಕ್ಕು. ಅದರಲ್ಲಿ ಏನೇನು ಕೆಲಸ ಮಾಡಿದ, ಹೇಗೆ ಮಾಡಿದ, ನಡತೆ ಹೇಗಿತ್ತು, ಎಲ್ಲವೂ ಇರುತ್ತದೆ. ಮೆಚ್ಚುಗೆಯ ಮಾತಿಗೂ ಇಲ್ಲಿ ಮೆಟ್ಟಿಲುಗಳಿವೆ: "ಸದಾ ಸಂಪೂರ್ಣ ತೃಪ್ತಿ" ಎಂದರೆ ಮೊದಲ ದರ್ಜೆ, ಬರೀ "ತೃಪ್ತಿ" ಎಂದರೆ ಹೇಗೋ ಪಾಸಾದ ಹಾಗೆ. ನಮ್ಮ ಎಕ್ಸ್‌ಪೀರಿಯನ್ಸ್ ಲೆಟರ್‌ನಲ್ಲಿ ಹುದ್ದೆ, ತಾರೀಖು ಮತ್ತು "ನಡತೆ ತೃಪ್ತಿಕರ" ಅಂತ ಮೂರೇ ಸಾಲು. ಇದಕ್ಕೇ ಹೇಳುವುದು, ರಿಲೀವಿಂಗ್ ಲೆಟರ್ ಕೈಗೆ ಬರುವ ಮುಂಚೆಯೇ ನಿಮ್ಮ ಮ್ಯಾನೇಜರ್ ಹತ್ತಿರ ಕೂತು, ಮಾಡಿದ ಕೆಲಸಗಳ ವಿವರ ಇರುವ ಒಂದು ಪುಟದ ಪತ್ರ ಬರೆಸಿಕೊಳ್ಳಿ. ಅದನ್ನು ಪದವಿ ಪತ್ರಗಳ ಜೊತೆ ಒಂದೇ ಪಿಡಿಎಫ್‌ನಲ್ಲಿ ಸೇರಿಸಿ.

ಜರ್ಮನ್ ಭಾಷೆ ಎಷ್ಟು ಬರುತ್ತದೆ ಅನ್ನುವುದನ್ನು ಎ1 (ತೀರಾ ಆರಂಭ) ರಿಂದ ಸಿ2 (ಪೂರ್ತಿ ಹಿಡಿತ) ರವರೆಗಿನ ಯುರೋಪಿನ ಭಾಷಾ ಮಟ್ಟದಲ್ಲಿ ಬರೆಯಬೇಕು. "ಬೇಸಿಕ್", "ಗುಡ್" ಅಂತ ಬರೆದರೆ ಯಾರಿಗೂ ಏನೂ ತಿಳಿಯದು. ಇರುವುದಕ್ಕಿಂತ ಒಂದು ಮೆಟ್ಟಿಲು ಮೇಲೆ ಬರೆಯುವ ಆಸೆಯೂ ಬೇಡ, ಮೊದಲ ಫೋನ್ ಕರೆಯಲ್ಲೇ ಅವರು ಜರ್ಮನ್‌ಗೆ ಹೊರಳಿಬಿಡುತ್ತಾರೆ. ಬಿ1 ಪರೀಕ್ಷೆ ಇನ್ನೂ ಬರೆದಿಲ್ಲವಾದರೆ, "ಎ2 ಮುಗಿದಿದೆ, ಬಿ1 ತರಗತಿ ನಡೆಯುತ್ತಿದೆ" ಎಂದು ಬರೆದು ಪರೀಕ್ಷೆಯ ತಿಂಗಳನ್ನೂ ಸೇರಿಸಿ.