ತೊಳೆದಿದ್ದು ಕಲೇನಾ, ಕಿಲುಬಾ?

ಹೋದ ವರ್ಷ ಹಳೆ ಸಾಮಾನಿನ ಅಂಗಡೀಲಿ ಒಂದು ಹಿತ್ತಾಳೆ ದೀಪ ತಗೊಂಡೆ, ಅದರ ಮೇಲೆ ಹಿಡಿದಿದ್ದ ಹಸಿರು ಕಿಲುಬು ನೋಡಿನೇ ನಾನು ಮರುಳಾಗಿದ್ದು. ಹಾಸನದಿಂದ ದೊಡ್ಡಮ್ಮ ಬಂದಿದ್ರು, ನಾನು ಆಫೀಸಿಂದ ಬರೋದ್ರೊಳಗೆ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ ತಿಕ್ಕಿ ಫಳಫಳ ಅನ್ನಿಸಿ ದೇವರ ಮುಂದೆ ಇಟ್ಟುಬಿಟ್ಟಿದ್ರು. "ದೀಪಕ್ಕೆ ಕಿಲುಬು ಹತ್ತಿದ್ರೂ ಕಣ್ಣಿಗೆ ಬೀಳಲ್ವೇನೋ ನಿಂಗೆ" ಅಂತ ಬೈಗುಳ ಬೇರೆ. ನನಗೆ ಅಳೋದೋ ನಗೋದೋ ಗೊತ್ತಾಗ್ಲಿಲ್ಲ.

ಇದೇ ಕೆಲಸ 2011ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್ ಮ್ಯೂಸಿಯಂನಲ್ಲೂ ಆಗಿತ್ತು. ಮಾರ್ಟಿನ್ ಕಿಪ್ಪನ್‌ಬರ್ಗರ್ ಅನ್ನೋ ಕಲಾವಿದನ ಕೃತಿ ಅದು, ಮರದ ಪಟ್ಟಿಗಳನ್ನ ಗೋಪುರದ ಥರ ಜೋಡಿಸಿ ಕೆಳಗೆ ಒಂದು ರಬ್ಬರ್ ತೊಟ್ಟಿ ಇಟ್ಟು, ಮೇಲಿಂದ ಮಳೆನೀರು ಸೋರಿ ಒಣಗಿದೆ ಅನ್ನೋ ಹಾಗೆ ತೊಟ್ಟಿ ಒಳಗೆ ಬಣ್ಣ ಬಳಿದಿದ್ದ. ಕ್ಲೀನ್ ಮಾಡೋಕೆ ಬಂದಾಕೆ ಅದನ್ನ ಕಲೆ ಅಂದ್ಕೊಂಡ್ಲು. ನೋಡಿ, ನಮ್ಮ ಕನ್ನಡದಲ್ಲಿ ಈ ಜೋಕು ತಾನಾಗೇ ಬಂದುಬಿಡುತ್ತೆ, ಆಕೆಗೆ ಕಂಡಿದ್ದೂ ಕಲೆ, ಮ್ಯೂಸಿಯಂನೋರಿಗೆ ಕಂಡಿದ್ದೂ ಕಲೆ. ತಿಕ್ಕಿ ತೊಳೆದು ಹಾಕಿದ್ಲು. ಕೃತಿಗಳಿಂದ 20 ಸೆಂಟಿಮೀಟರ್ ದೂರ ಇರ್ಬೇಕು ಅಂತ ಕ್ಲೀನಿಂಗ್‌ನೋರಿಗೆಲ್ಲ ಮೊದಲೇ ಹೇಳಿದ್ರಂತೆ. ಇನ್ಶೂರೆನ್ಸ್ ಲೆಕ್ಕದಲ್ಲಿ ಅದರ ಬೆಲೆ 8 ಲಕ್ಷ ಯೂರೋ.

ಇನ್ನೊಂದು ಕಡೆ ಆ ಬಾಳೆಹಣ್ಣು, ಅದು ಯಾರಿಗೆ ಗೊತ್ತಿಲ್ಲ ಹೇಳಿ. ಇಟಲಿಯ ಕಲಾವಿದ ಮೌರಿಜಿಯೋ ಕ್ಯಾಟೆಲಾನ್ 2019ರಲ್ಲಿ ಮಯಾಮಿಯಲ್ಲಿ ಗೋಡೆಗೆ ಟೇಪ್ ಹಾಕಿ ಅಂಟಿಸಿದ್ದು. 2024ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಅದರ ಒಂದು ಪ್ರತಿ 62 ಲಕ್ಷ ಡಾಲರ್‌ಗೆ ಹೋಯ್ತು, ನಮ್ಮ ದುಡ್ಡಲ್ಲಿ ಸುಮಾರು 52 ಕೋಟಿ. ಹಣ್ಣು ಮಾತ್ರ ಅವತ್ತು ಬೀದಿ ಬದಿ ಅಂಗಡೀಲಿ 35 ಸೆಂಟ್ ಕೊಟ್ಟು ತಂದಿದ್ದು. ಕೊಂಡುಕೊಂಡ ಕ್ರಿಪ್ಟೋ ಉದ್ಯಮಿ ಜಸ್ಟಿನ್ ಸನ್ ಹಾಂಗ್‌ಕಾಂಗ್‌ನಲ್ಲಿ ಎಲ್ಲರ ಮುಂದೆ ಸುಲಿದು ತಿಂದ. ತಿಂದ್ರೂ ಕೃತಿಗೆ ಏನೂ ಆಗ್ಲಿಲ್ಲ! ಯಾಕಂದ್ರೆ ಅವನ ಹತ್ರ ಇರೋದು ಒಂದು ಸರ್ಟಿಫಿಕೇಟು, ಜೊತೆಗೆ ಹೇಗೆ ಅಂಟಿಸ್ಬೇಕು ಅನ್ನೋ ಸೂಚನೆ. 2025ರಲ್ಲಿ ಫ್ರಾನ್ಸಿನ ಮೆಟ್ಜ್‌ನಲ್ಲಿ ನೋಡೋಕೆ ಬಂದವನೊಬ್ಬ ತಿಂದುಬಿಟ್ಟಾಗ ಸ್ವಲ್ಪ ಹೊತ್ತಲ್ಲೇ ಬೇರೆ ಹಣ್ಣು ಅಂಟಿಸಿ ಕೈತೊಳ್ಕೊಂಡ್ರು.

ನನಗೆ ಬಾಳೆಹಣ್ಣಿನ ಮೇಲೆ ಸಿಟ್ಟಿಲ್ಲ, ನಿಜ ಹೇಳ್ಬೇಕಂದ್ರೆ ಒಳ್ಳೆ ತಮಾಷೆ ಅದು, ದುಡ್ಡಿರೋರನ್ನ ಅವರ ಮುಖದ ಮುಂದೇನೇ ಆಡ್ಕೊಂಡು ಅವರ ಕೈಲೇ ಚೆಕ್ ಬರೆಸ್ಕೊಂಡ ಅಂದ್ರೆ ಆ ಮನುಷ್ಯನಿಗೆ ಒಂದು ಚಪ್ಪಾಳೆ ಹೊಡೀಲೇಬೇಕು. ನನ್ನ ತಕರಾರು ಹೊಗಳಿಕೆ ಬಗ್ಗೆ ಅಲ್ಲ, ರಕ್ಷಣೆ ಬಗ್ಗೆ. ಐಡಿಯಾನೇ ಕಲೆ, ವಸ್ತು ಮುಖ್ಯ ಅಲ್ಲ ಅನ್ನೋದಾದ್ರೆ ವಸ್ತು ಹಾಳಾದಾಗ ಪರಿಹಾರ ಯಾಕೆ? ಜರ್ಮನಿಯ ಕಲಾವಿದ ಜೋಸೆಫ್ ಬಾಯ್ಸ್ ಡ್ಯುಸೆಲ್‌ಡಾರ್ಫ್‌ನ ಕಲಾಶಾಲೆಯಲ್ಲಿ ಗೋಡೆ ಮೂಲೆಗೆ 5 ಕಿಲೋ ಬೆಣ್ಣೆ ಮೆತ್ತಿದ್ದ, 1986ರಲ್ಲಿ ಅವನು ತೀರಿಕೊಂಡ ಮೇಲೆ ಯಾರೋ ಕ್ಲೀನ್ ಮಾಡುವಾಗ ಕೆರೆದು ಬಿಸಾಕಿದ್ರು, ಕೊನೆಗೆ ಸರ್ಕಾರ ಅವನ ಶಿಷ್ಯನಿಗೆ 40,000 ಮಾರ್ಕ್ ಕೊಡ್ಬೇಕಾಯ್ತು. ಬೆಣ್ಣೆಗೆ! ಬಾಳೆಹಣ್ಣಾದ್ರೆ ಬದಲಾಯಿಸಬಹುದು, ಬೆಣ್ಣೆ ಯಾಕೆ ಬದಲಾಯಿಸಬಾರದು?

ಇದನ್ನ ಒಬ್ಬ ಗೆಳೆಯನ ಹತ್ರ ವಾದ ಮಾಡ್ದೆ, ಪೇಂಟಿಂಗ್ ಕಲಿತಿರೋನು. ಅವನಂದ, ಕಿಪ್ಪನ್‌ಬರ್ಗರ್ 1997ರಲ್ಲೇ ಸತ್ತೋಗಿದಾನೆ, ಆ ಬಣ್ಣ ಅವನ ಕೈಯಿಂದ ಬಂದಿದ್ದು, ಇನ್ಯಾರು ಬಳೀತಾರೋ ಅಂತ. ಸರಿನೇ, ಒಪ್ಕೊಂಡೆ. ಆದ್ರೆ ಹಾಗಂದ್ರೆ ಅಲ್ಲಿ ಕಳೆದುಹೋಗಿದ್ದು ಕೈಕೆಲಸ ಅಲ್ವಾ? ಐಡಿಯಾನೇ ಕಲೆ ಅನ್ನೋರು ಹೆಮ್ಮೆಯಿಂದ ಬೇಡ ಅಂತ ಪಕ್ಕಕ್ಕಿಟ್ಟಿದ್ದೂ ಅದನ್ನೇ. ಅವನು ಟೀ ಕುಡೀತಾ ಸುಮ್ನಾದ, ಸೋತ ಅಂತ ನಾನೇನೂ ಹೇಳಲ್ಲ.

ಕೈಕೆಲಸಕ್ಕೆ ನಮ್ಮ ದೇಶದಲ್ಲಿ ಎಷ್ಟು ರಕ್ಷಣೆ ಸಿಕ್ತು ನೋಡಿ. ದೆಹಲಿಯಲ್ಲಿ ಸರ್ಕಾರದ ಸಭಾಭವನವಾದ ವಿಜ್ಞಾನ ಭವನದ ಗೋಡೆ ಮೇಲೆ ಶಿಲ್ಪಿ ಅಮರ್‌ನಾಥ್ ಸೆಹಗಲ್ ಮಾಡಿದ್ದ ಕಂಚಿನ ಮ್ಯೂರಲ್, ಅಂದ್ರೆ ಗೋಡೆ ಶಿಲ್ಪ, ಇತ್ತು, 140 ಅಡಿ ಉದ್ದ, 40 ಅಡಿ ಎತ್ತರ, ವರ್ಷಗಟ್ಟಲೆ ಕೂತು ಮಾಡಿದ್ದು. 1979ರಲ್ಲಿ ರಿಪೇರಿ ನೆಪದಲ್ಲಿ ಅವರಿಗೊಂದು ಮಾತೂ ಹೇಳದೆ ಕಿತ್ತು ಗೋಡೌನಿಗೆ ತುಂಬಿದ್ರು. ಪತ್ರ ಬರೆದು ಬರೆದು ಸಾಕಾಗಿ 1992ರಲ್ಲಿ ಕೋರ್ಟಿಗೆ ಹೋದ್ರು, ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಹಿಡ್ಕೊಂಡು. ಕೃತಿ ಮಾರಿದ್ಮೇಲೂ ಅದನ್ನ ಕೆಡಿಸಿದ್ರೆ ಮಾಡಿದವನು ಕೇಳ್ಬಹುದು ಅನ್ನೋ ಹಕ್ಕು ಅದು. 2005ರಲ್ಲಿ ದೆಹಲಿ ಹೈಕೋರ್ಟ್ ಅವರ ಪರ ತೀರ್ಪು ಕೊಡ್ತು: ಉಳಿದ ಚೂರುಗಳನ್ನ ವಾಪಸ್ ಕೊಡಿ, 5 ಲಕ್ಷ ಪರಿಹಾರ ಕೊಡಿ. 2007ರಲ್ಲಿ ಅವರು ತೀರ್ಕೊಂಡ್ರು. ಟೇಪು ಬಾಳೆಹಣ್ಣು ಮತ್ತೆ ಅಂಗಡಿಯಿಂದ ಬರುತ್ತೆ, ಆ ಕಂಚು ಎಲ್ಲಿಂದ ಬರ್ಬೇಕು ಸ್ವಾಮಿ.

ದೀಪದ ವಿಷಯ ಮರೆತೆ. ದೊಡ್ಡಮ್ಮ ಊರಿಗೆ ಹೋದ್ಮೇಲೆ ನಾನದನ್ನ ಮುಟ್ಟಿಲ್ಲ, ಬುಡದಲ್ಲಿ ಸಣ್ಣಗೆ ಹಸಿರು ಕಾಣಿಸ್ಕೊಳ್ತಾ ಇದೆ. ಯುಗಾದಿಗೆ ಮತ್ತೆ ಬರ್ತಾರಂತೆ, ಫೋನಲ್ಲೇ ಕೇಳಿದ್ರು, ಮನೇಲಿ ಹುಣಸೆಹಣ್ಣು ಇದ್ಯೇನೋ ಅಂತ.