ಆರ್‌ಎಕ್ಸ್-8 ದಿನಚರಿ: ಮೊದಲ ದುಡ್ಡು ಕಿಡಿಗೆ

12 ಅಕ್ಟೋಬರ್ 2024, ಶನಿವಾರ

ಕಾರು: ಮಜ್ದಾ ಆರ್‌ಎಕ್ಸ್-8, 2005ರ ನೋಂದಣಿ, ಆರು ಗೇರಿನ, 231 ಪಿಎಸ್ (ಅಶ್ವಶಕ್ತಿ) ಮಾದರಿ. ಓಡಿರುವುದು 94,000 ಮೈಲಿ, ಅಂದರೆ ಒಂದೂವರೆ ಲಕ್ಷ ಕಿಲೋಮೀಟರ್. ಇಂಗ್ಲೆಂಡಿನಲ್ಲಿ ಈಗ ಇದು ಒಂದು ಒಳ್ಳೆಯ ಎಲೆಕ್ಟ್ರಿಕ್ ಸೈಕಲ್ಲಿನ ಬೆಲೆಗೆ ಸಿಗುತ್ತದೆ. ಇಷ್ಟು ಅಗ್ಗವಾಗಲು ಕಾರಣ ಎಲ್ಲರಿಗೂ ಗೊತ್ತಿರುವುದೇ. ಎಂಜಿನ್ ಬಿಚ್ಚಿ ಕಟ್ಟಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ. 2006ರ ಮಾರ್ಚ್ 23ಕ್ಕೆ ಮೊದಲು ನೋಂದಣಿಯಾದ ಗಾಡಿಗೆ ಇಲ್ಲಿ ವರ್ಷದ ರಸ್ತೆ ತೆರಿಗೆ ಕಡಿಮೆ, ಆಮೇಲಿನದಕ್ಕೆ ಜಾಸ್ತಿ. ಹಳೆಯದನ್ನು ಆರಿಸಿದ್ದಕ್ಕೆ ಅದೂ ಒಂದು ಕಾರಣ.

ಆಯಿಲ್, ಪ್ಲಗ್, ಫಿಲ್ಟರ್ ಎಲ್ಲವೂ ಆಮೇಲೆ. ಮೊದಲು ಕಂಪ್ರೆಷನ್, ಅಂದರೆ ಎಂಜಿನ್ ಒಳಗಿನ ಗಾಳಿಯನ್ನು ಎಷ್ಟು ಗಟ್ಟಿಯಾಗಿ ಅದುಮುತ್ತದೆ ಎಂಬ ಪರೀಕ್ಷೆ. ಒಳಗೆ ಉಸಿರಿಲ್ಲದ ಎಂಜಿನ್ನಿಗೆ, ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್ ಹೊಸದು ಹಾಕುವುದು ದಂಡ.

ಈ ಎಂಜಿನ್ನಿಗೆ ಪಿಸ್ಟನ್ ಇಲ್ಲ. ಒರಳಿನಲ್ಲಿ ಗುಂಡು ಸುತ್ತುವ ಹಾಗೆ ಮೂರು ಮೂಲೆಯ ರೋಟರ್ ಒಂದು ಹೌಸಿಂಗ್ (ಹೊರಕವಚ) ಒಳಗೆ ನಡುಬಿಂದು ತಪ್ಪಿಸಿ ಸುತ್ತುತ್ತದೆ. ಅಂಥವು ಎರಡು, ತಲಾ 654 ಸಿಸಿ. ಪ್ರತಿ ರೋಟರಿಗೆ ಮೂರು ಮುಖ, ಹಾಗಾಗಿ ಒಟ್ಟು ಆರು ಸಂಖ್ಯೆ ಬೇಕು. ಪ್ಲಗ್ ಬಿಚ್ಚಿದ ತೂತಿಗೆ ಮಾಮೂಲಿ ಗೇಜ್ ಹಾಕಿದರೆ ಅದರ ಕವಾಟ ಮೂರರಲ್ಲಿ ಅತಿ ಹೆಚ್ಚಿನದನ್ನು ಹಿಡಿದಿಟ್ಟುಕೊಂಡು ಅದೊಂದನ್ನೇ ತೋರಿಸುತ್ತದೆ. ಸತ್ತ ಮುಖ ಅದರ ಹಿಂದೆ ಅಡಗಿಕೊಳ್ಳುತ್ತದೆ. ರೋಟರಿಗೆಂದೇ ಮಾಡಿದ ಟೆಸ್ಟರ್ ಮೂರು ಸಂಖ್ಯೆಯ ಜೊತೆಗೆ ಸ್ಟಾರ್ಟರ್ ಎಷ್ಟು ವೇಗದಲ್ಲಿ ತಿರುಗಿಸಿತು ಎಂಬುದನ್ನೂ ಕೊಡುತ್ತದೆ. ಅದು ಸಿಗದಿದ್ದರೆ ಮಾಮೂಲಿ ಗೇಜಿನ ಕವಾಟ ತೆಗೆದು, ಮುಳ್ಳು ಕುಣಿಯುವುದನ್ನು ಫೋನಿನಲ್ಲಿ ನಿಧಾನಗತಿಯ ವಿಡಿಯೋ ಮಾಡಿ ನೋಡಬಹುದು. ಮೂರು ಬಡಿತ ಸಮವಾಗಿದ್ದರೆ ಸದ್ಯಕ್ಕೆ ಉಸಿರಾಡಬಹುದು. ಆದರೆ ಕಾರು ಕೊಳ್ಳುವ ತೀರ್ಮಾನಕ್ಕೆ ಅದು ಸಾಲದು.

ಕ್ರಮ ಹೀಗೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಕೆಳಗಿನ ಪುಲ್ಲಿಯ ಹತ್ತಿರವಿರುವ ಎಕ್ಸೆಂಟ್ರಿಕ್ ಶಾಫ್ಟ್ (ರೋಟರುಗಳು ತಿರುಗಿಸುವ ದಂಡ) ಸೆನ್ಸರಿನ ವೈರು ಬಿಚ್ಚಿದರೆ ಪೆಟ್ರೋಲ್, ಕಿಡಿ ಎರಡೂ ನಿಲ್ಲುತ್ತವೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಐದಾರು ಸೆಕೆಂಡ್ ಸ್ಟಾರ್ಟರ್ ತಿರುಗಿಸಬೇಕು. ನಿಮಿಷಕ್ಕೆ 250 ಸುತ್ತಿನ ಲೆಕ್ಕದಲ್ಲಿ ಒಳ್ಳೆಯ ಎಂಜಿನ್ನಿನ ಅಂಕಿ 830 ಕಿಲೋಪಾಸ್ಕಲ್, ಕನಿಷ್ಠ ಮಿತಿ 680. ಒಂದೇ ರೋಟರಿನ ಮುಖಗಳ ನಡುವೆ 150ಕ್ಕಿಂತ, ಎರಡು ರೋಟರುಗಳ ನಡುವೆ 100ಕ್ಕಿಂತ ಹೆಚ್ಚು ಅಂತರ ಇರಬಾರದು. ಸ್ಟಾರ್ಟರ್ ನಿಧಾನವಾಗಿ ತಿರುಗಿದರೆ ಅಂಕಿಯೂ ಕೆಳಗೆ ಬರುತ್ತದೆ. ವೇಗವನ್ನು ಬರೆದುಕೊಳ್ಳದ ಕಂಪ್ರೆಷನ್ ವರದಿ ಓದಲು ಯೋಗ್ಯವಲ್ಲ.

ಇಂದಿನ ಅಂಕಿ, 250ಕ್ಕೆ ಸರಿಹೊಂದಿಸಿದ ಮೇಲೆ: ಮುಂದಿನ ರೋಟರ್ 740, 750, 730. ಹಿಂದಿನದು 720, 710, 730. ಯೌವನ ಹೋಗಿದೆ, ಆರೋಗ್ಯ ಇದೆ. ಒಂದೇ ಮುಖದ ಅಂಕಿ ಬಿದ್ದಿದ್ದರೆ ಸೈಡ್ ಸೀಲ್ (ರೋಟರಿನ ಪಕ್ಕದ ಬಿಗಿಪಟ್ಟಿ) ಮೇಲೆ ಅನುಮಾನ ಪಡಬೇಕು. ಅಕ್ಕಪಕ್ಕದ ಎರಡು ಮುಖ ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವಿನ ಮೂಲೆಯಲ್ಲಿರುವ ಏಪೆಕ್ಸ್ ಸೀಲ್ ಹೋಗಿದೆ ಎಂದರ್ಥ, ಯಾಕೆಂದರೆ ಆ ಒಂದು ಸೀಲ್ ಎರಡು ಕೋಣೆಗೂ ಗೋಡೆ. ಎಲ್ಲವೂ ಸಮನಾಗಿ ಇಳಿದಿದ್ದರೆ ಸವೆತ, ಇಲ್ಲವೇ ಕಾರ್ಬನ್ ಕಟ್ಟಿ ಅಂಟಿಕೊಂಡ ಸೀಲುಗಳು.

ಟೆಸ್ಟರ್ ಇಲ್ಲದೆ ಕಾರು ನೋಡಲು ಹೋಗುವವರಿಗೆ ಒಂದೇ ಪರೀಕ್ಷೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಇಪ್ಪತ್ತು ನಿಮಿಷ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿ ಎಂಜಿನ್ ಹಟ ಮಾಡಿದರೆ ನಮಸ್ಕಾರ ಹೇಳಿ ಹೊರಡಿ.

ಇನ್ನೊಂದು ಮಾತು. ಗ್ಯಾರೇಜಿನಿಂದ ಹೊರಗೆ ತೆಗೆದು ಎರಡು ಮಾರು ಸರಿಸಿ ತಕ್ಷಣ ಆಫ್ ಮಾಡುವ ಅಭ್ಯಾಸ ಇದಕ್ಕೆ ಆಗದು. ತಣ್ಣನೆ ಎಂಜಿನ್ ಹೆಚ್ಚು ಪೆಟ್ರೋಲ್ ಎಳೆದುಕೊಳ್ಳುತ್ತದೆ. ಆಗಲೇ ನಿಲ್ಲಿಸಿದರೆ ಒಳಗೋಡೆಯ ಎಣ್ಣೆಪದರ ತೊಳೆದುಹೋಗಿ, ಪ್ಲಗ್ ನೆನೆದು, ಮುಂದಿನ ಸಲ ಸ್ಟಾರ್ಟೇ ಆಗುವುದಿಲ್ಲ. ಹಾಗಾದರೆ ಆಕ್ಸಿಲರೇಟರ್ ನೆಲಕ್ಕೆ ಒತ್ತಿ ಹಿಡಿದು ಸುಮಾರು ಹತ್ತು ಸೆಕೆಂಡ್ ತಿರುಗಿಸಿ. ಪೂರ್ತಿ ಒತ್ತಿದಾಗ ಇಂಜೆಕ್ಟರ್ ಮುಚ್ಚಿಕೊಳ್ಳುತ್ತದೆ, ಒಳಗಿನ ಪೆಟ್ರೋಲ್ ಆಚೆ ಹೋಗುತ್ತದೆ. ಆಮೇಲೆ ಪೆಡಲ್ ಬಿಟ್ಟು ಮಾಮೂಲಿಯಾಗಿ ಸ್ಟಾರ್ಟ್ ಮಾಡಿ. ಆಗದಿದ್ದರೆ ಪ್ಲಗ್ ಬಿಚ್ಚಿ ಒಣಗಿಸುವುದೇ ದಾರಿ.

13 ಅಕ್ಟೋಬರ್, ಭಾನುವಾರ

ಇಂದು ಕಿಡಿ. ಅಗ್ಗದ ಆರ್‌ಎಕ್ಸ್-8ಕ್ಕೆ ಹಾಕುವ ಮೊದಲ ದುಡ್ಡು ಇಲ್ಲಿಗೇ ಹೋಗಬೇಕು. ಸಸ್ಪೆನ್ಷನ್ನಿಗೂ ಅಲ್ಲ, ಸೈಲೆನ್ಸರಿಗಂತೂ ಅಲ್ಲ.

ಕಾರಣ ಲೆಕ್ಕದಲ್ಲಿದೆ. ನಾಲ್ಕು ಸ್ಟ್ರೋಕ್ ಪಿಸ್ಟನ್ ಎಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ ಎರಡು ಸುತ್ತಿಗೊಮ್ಮೆ ಕಿಡಿ. ಇಲ್ಲಿ ಶಾಫ್ಟಿನ ಪ್ರತಿ ಸುತ್ತಿಗೂ ಪ್ರತಿ ರೋಟರಿನಲ್ಲಿ ಕಿಡಿ. 9,000 ಸುತ್ತಿನಲ್ಲಿ ಒಂದೊಂದು ಕಾಯಿಲ್ ಸೆಕೆಂಡಿಗೆ 150 ಸಲ ಹಾರಿಸಬೇಕು, ಅದೂ ಎಂಜಿನ್ನಿನ ಸೆಕೆಯಲ್ಲೇ ಕೂತು. 30,000 ಮೈಲಿ ದಾಟಿದ ಕಾಯಿಲನ್ನು ನಂಬುವ ಹಾಗಿಲ್ಲ. ಕಾಯಿಲ್ ಒಮ್ಮೆಗೇ ಸಾಯುವುದಿಲ್ಲ, ಸೊರಗುತ್ತಾ ಹೋಗುತ್ತದೆ. ಸುಡದ ಪೆಟ್ರೋಲ್ ಎಗ್ಸಾಸ್ಟಿಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಒಳಗಿನ ಜೇನುಗೂಡು ಕರಗಿ ದಾರಿ ಮುಚ್ಚುತ್ತದೆ. ಹೊರಗೆ ಹೋಗಲಾರದ ಬಿಸಿ ಎಂಜಿನ್ನಿಗೇ ವಾಪಸಾಗುತ್ತದೆ. ರೆನೆಸಿಸ್ ಎಂಬ ಈ ಎಂಜಿನ್ನಿನಲ್ಲಿ ಎಗ್ಸಾಸ್ಟ್ ಬಾಯಿ ಪಕ್ಕದ ಗೋಡೆಯಲ್ಲಿರುವುದರಿಂದ ಆ ಬಿಸಿಯ ಹೊಡೆತ ತಿನ್ನುವುದು ಸೈಡ್ ಸೀಲುಗಳು. ಕೊನೆಗೆ ಎಂಜಿನ್ ಹೋಯಿತು ಅಂತ ಕಾರನ್ನು ಗುಜರಿಗೆ ಹಾಕುತ್ತಾರೆ. ಹೋಗಿದ್ದು ಮೊದಲು ಒಂದು ಕಾಯಿಲ್. ಕಾರಿನ ಕಂಪ್ಯೂಟರಿನಲ್ಲಿ ಕನ್ವರ್ಟರಿನ ದೋಷದ ಕೋಡ್ ಪಿ0420 ಬಂತೆಂದು ಕನ್ವರ್ಟರ್ ಮಾತ್ರ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಹೊಸದೂ ಅದೇ ರೀತಿ ಕರಗುತ್ತದೆ.

ಬದಲಿಸಿದ್ದು: ಕಾಯಿಲ್ ನಾಲ್ಕು, ಪ್ಲಗ್ ವೈರ್ ನಾಲ್ಕು, ಪ್ಲಗ್ ನಾಲ್ಕು. ಕೆಟ್ಟದ್ದೊಂದನ್ನು ಹುಡುಕಿ ಬದಲಿಸುವುದರಲ್ಲಿ ಉಳಿತಾಯವಿಲ್ಲ, ಉಳಿದ ಮೂರೂ ಅದರ ವಾರಿಗೆಯವೇ. ಪರೀಕ್ಷಿಸಲೇಬೇಕೆಂದರೆ ಮುಂದಿನ ರೋಟರಿನ ಕಾಯಿಲನ್ನು ಹಿಂದಿನದಕ್ಕೆ ಅದಲುಬದಲು ಮಾಡಿ. ಮಿಸ್‌ಫೈರ್ ಕೋಡ್ ಪಿ0301 (ಮುಂದಿನ ರೋಟರ್) ಹೋಗಿ ಪಿ0302 (ಹಿಂದಿನದು) ಬಂದರೆ ಕಾಯಿಲೇ ಕಳ್ಳ. ಆದರೆ ಟ್ರೇಲಿಂಗ್ ಕಾಯಿಲ್ (ಪ್ರತಿ ರೋಟರಿನ ಎರಡರಲ್ಲಿ ಆಮೇಲೆ ಕಿಡಿ ಹಾರಿಸುವುದು; ಮೊದಲಿನದು ಲೀಡಿಂಗ್) ಸೊರಗಿದಾಗ ಕೋಡ್ ಬರದೆಯೂ ಇರಬಹುದು. ಎಂಜಿನ್ ದೀಪ ಮಿಟುಕಿದರೆ ಮಾತ್ರ ಕೋಡ್ ಓದುವವರೆಗೂ ಕಾಯಬೇಡಿ, ಆಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ.

ಪ್ಲಗ್ಗುಗಳು ಎಂಜಿನ್ನಿನ ಎಡ ಪಕ್ಕದಲ್ಲಿ, ಎರಡರ ಮೇಲೆ ಎರಡು. ಮುಂದಿನ ಎಡ ಚಕ್ರ ಬಿಚ್ಚಿದರೆ ಕೈ ಹೋಗುತ್ತದೆ. ಕೆಳಗಿನವು ಲೀಡಿಂಗ್, ಎನ್‌ಜಿಕೆ ಆರ್‌ಇ7ಸಿ-ಎಲ್. ಮೇಲಿನವು ಟ್ರೇಲಿಂಗ್, ಆರ್‌ಇ9ಬಿ-ಟಿ. ಇವು ಅದಲುಬದಲಾಗಬಾರದು, ವೈರುಗಳೂ ಅಷ್ಟೇ. ಬಿಚ್ಚುವ ಮೊದಲೇ ವೈರಿಗೆ ಟೇಪ್ ಸುತ್ತಿ ಗುರುತು ಬರೆಯಿರಿ, ಒಂದೊಂದಾಗಿ ಬಿಚ್ಚಿ ಒಂದೊಂದಾಗಿ ಹಾಕಿ. ಎಂಜಿನ್ ತಣ್ಣಗಿರಲಿ, ಹೌಸಿಂಗ್ ಅಲ್ಯೂಮಿನಿಯಂ. ಪ್ಲಗ್ಗಿನ ಹಿಂಬದಿಗೆ ಒಂದು ಗೇಣು ರಬ್ಬರ್ ಪೈಪ್ ಸಿಕ್ಕಿಸಿ ಅದರಿಂದ ತಿರುಗಿಸಿದರೆ ಥ್ರೆಡ್ (ತಿರುಪಿನ ಎಳೆ) ತಪ್ಪಿದಾಗ ಪೈಪೇ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಕೊನೆಯ ಬಿಗಿತ 13ರಿಂದ 17 ನ್ಯೂಟನ್ ಮೀಟರ್. ವೈರಿನ ಎರಡೂ ತುದಿ ಟಕ್ ಎನ್ನುವವರೆಗೆ ಒತ್ತಬೇಕು, ಅರ್ಧ ಕೂತ ವೈರು ಹೊಸ ಕಾಯಿಲನ್ನು ಸುಡುತ್ತದೆ.

ಕನ್ವರ್ಟರನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ ನೋಡಿಯಾಯಿತು. ಗಿಲಗಿಲ ಸದ್ದಿಲ್ಲ. ಸದ್ದಿದ್ದರೆ ಒಳಗಿನದು ಮುರಿದಿದೆ. ಸದ್ದಿಲ್ಲದಿದ್ದರೂ ಕರಗಿ ಮುಚ್ಚಿರಬಹುದು, ಆದ್ದರಿಂದ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಹಾಕುವುದು ಒಳ್ಳೆಯದು. ಐಡಲಿನಲ್ಲೇ ಮುಳ್ಳು ಏಳುತ್ತಿದ್ದರೆ ತೀರ್ಪು ಆಯಿತು. ಗೇಜ್ ಇಲ್ಲದವರು ಕತ್ತಲಲ್ಲಿ ಒಂದು ಸುತ್ತು ಓಡಿಸಿ ಬಂದು ಕೆಳಗೆ ಬಗ್ಗಿ ನೋಡಿ. ಕೆಂಡದಂತೆ ಹೊಳೆಯುತ್ತಿದ್ದರೆ ಆ ಕಾರನ್ನು ಇನ್ನು ಓಡಿಸಬೇಡಿ. ಕನ್ವರ್ಟರನ್ನೇ ಕಿತ್ತು ನೇರ ಪೈಪ್ ಹಾಕುವ ಸಲಹೆ ಕೊಡುವವರು ಬಹಳ. ಇಲ್ಲಿನ ವಾರ್ಷಿಕ ಎಂಒಟಿ ತಪಾಸಣೆಯಲ್ಲಿ ಅದು ಫೇಲ್.

19 ಅಕ್ಟೋಬರ್, ಶನಿವಾರ

ಎಣ್ಣೆ. ಈ ಎಂಜಿನ್ ಆಯಿಲ್ ಕುಡಿಯುವುದು ರೋಗವಲ್ಲ, ಅದರ ಹುಟ್ಟುಗುಣ. ಏಪೆಕ್ಸ್ ಸೀಲಿಗೆ ಜಾರುಪದರ ಬೇಕಲ್ಲ, ಅದಕ್ಕಾಗಿ ಮೀಟರಿಂಗ್ ಪಂಪ್ ಸಂಪಿನಿಂದಲೇ (ಎಂಜಿನ್ ತಳದ ಆಯಿಲ್ ತೊಟ್ಟಿ) ಸ್ವಲ್ಪ ಸ್ವಲ್ಪ ಎತ್ತಿ ಹೌಸಿಂಗ್ ಒಳಗೆ ಬಿಡುತ್ತದೆ. ಸಾವಿರ ಮೈಲಿಗೆ ಅರ್ಧದಿಂದ ಒಂದು ಲೀಟರ್ ಹೋದರೆ ಗಾಬರಿ ಬೇಡ. ಏನೂ ಇಳಿಯದಿದ್ದರೆ ಗಾಬರಿಯಾಗಿ: ಪಂಪ್ ಕೆಲಸ ಮಾಡುತ್ತಿಲ್ಲ, ಇಲ್ಲವೇ ಅದರ ಸಣ್ಣ ಪ್ಲಾಸ್ಟಿಕ್ ನಳಿಗೆಗಳು ಗಡುಸಾಗಿ ಒಡೆದಿವೆ. ಎರಡು ಸಲ ಪೆಟ್ರೋಲ್ ಹಾಕಿಸುವಷ್ಟರಲ್ಲಿ ಒಮ್ಮೆಯಾದರೂ ಡಿಪ್‌ಸ್ಟಿಕ್ ಎಳೆದು ನೋಡಬೇಕು. ಡ್ಯಾಶಿನ ಆಯಿಲ್ ಪ್ರೆಷರ್ ಮುಳ್ಳನ್ನು ನಂಬಬೇಡಿ. ಈ ಮೊದಲ ಸರಣಿಯ ಕಾರುಗಳಲ್ಲಿ ಅದು ಹೆಸರಿಗೆ ಗೇಜ್, ಒಳಗೆ ಬರೀ ಸ್ವಿಚ್.

ಡ್ರೈನ್ ಮಾಡಿದಾಗ ಬರುವುದು ಸುಮಾರು ಮೂರೂವರೆ ಲೀಟರ್. ಉಳಿದದ್ದು ಮುಂದಿನ ಎರಡು ಆಯಿಲ್ ಕೂಲರಿನಲ್ಲಿ, ಪೈಪುಗಳಲ್ಲಿ ಉಳಿಯುತ್ತದೆ. ಹಳೆಯ ಮಾಲೀಕರು ಏನು ಹಾಕಿದ್ದರೋ ಗೊತ್ತಿಲ್ಲದಾಗ ಐನೂರು ಮೈಲಿಗೆ ಮತ್ತೊಮ್ಮೆ ಬದಲಿಸಿದರೆ ಅದೂ ತೊಳೆದುಹೋಗುತ್ತದೆ. ಆಮೇಲೆ 3,000 ಮೈಲಿಗೊಮ್ಮೆ ಸಾಕು. ಗ್ರೇಡ್ 5ಡಬ್ಲ್ಯೂ-30. ಸಿಂಥೆಟಿಕ್ಕೋ ಮಿನರಲ್ಲೋ ಎಂಬ ಜಗಳ ಇಪ್ಪತ್ತು ವರ್ಷದಿಂದ ನಡೆದಿದೆ, ಸಮಯಕ್ಕೆ ಸರಿಯಾಗಿ ಬದಲಿಸುವವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಫಿಲ್ಟರ್ ಎಂಜಿನ್ನಿನ ಮೇಲುಗಡೆಯೇ ಇದೆ, ಸುತ್ತ ಬಟ್ಟೆ ಹಾಸಿ ಬಿಚ್ಚಿ. ಮೇಲಿನ ಗುರುತು ದಾಟಿಸಿ ತುಂಬಬಾರದು, ಹೆಚ್ಚಾದದ್ದು ಗಾಳಿಯ ಪೈಪಿಗೆ ಉಕ್ಕುತ್ತದೆ. ಆಯಿಲ್ ಹಾಕುವ ಕೊಳವೆಯಲ್ಲಿ ಬೆಣ್ಣೆಯಂಥ ಬಿಳಿ ಪದಾರ್ಥ ಕಂಡರೆ ಹೆಡ್ ಗ್ಯಾಸ್ಕೆಟ್ ಎಂದು ಕಿರುಚಬೇಡಿ. ಈ ಎಂಜಿನ್ನಿಗೆ ಹೆಡ್ಡೇ ಇಲ್ಲ. ಚಳಿಯಲ್ಲಿ ಸಣ್ಣ ಸಣ್ಣ ಓಡಾಟ ಮಾಡಿದರೆ ಹಬೆ ಕಟ್ಟಿ ಹಾಗಾಗುತ್ತದೆ.

ಅದೇ ಸೀಲುಗಳಿಗಾಗಿ ಪೆಟ್ರೋಲಿಗೂ ಎಣ್ಣೆ. ಟ್ಯಾಂಕ್ 60 ಲೀಟರ್, ಅದಕ್ಕೆ 250 ಮಿಲಿಲೀಟರ್ ಟೂ-ಸ್ಟ್ರೋಕ್ ಆಯಿಲ್, ಅಂದರೆ 240ಕ್ಕೆ 1. ಜೆಎಎಸ್‌ಒ ಎಫ್‌ಡಿ ಎಂಬ ದರ್ಜೆ ಬರೆದದ್ದನ್ನೇ ಕೊಳ್ಳಿ, ಬೂದಿ ಕಡಿಮೆ. ಮೊದಲು ಎಣ್ಣೆ, ಮೇಲೆ ಪೆಟ್ರೋಲ್, ಹಾಗಾದರೆ ತಾನಾಗಿ ಬೆರೆಯುತ್ತದೆ. ಹಳೇ ಲೂನಾ, ಬಜಾಜ್ ಸ್ಕೂಟರ್ ಓಡಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಳತೆ ಮಾತ್ರ ಅದಕ್ಕಿಂತ ತೀರಾ ಕಡಿಮೆ.

ಕೂಲಂಟ್ ಮುಳ್ಳೂ ಸುಳ್ಳು ಹೇಳುತ್ತದೆ. ಬಿಸಿ ಏರುತ್ತಿದ್ದರೂ ಬಹಳ ಹೊತ್ತು ನಡುವಿನಲ್ಲೇ ನಿಂತಿರುತ್ತದೆ. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಫೋನಿಗೆ ಕಳಿಸುವ ಒಂದು ಒಬಿಡಿ ಬ್ಲೂಟೂತ್ ಡಾಂಗಲ್ ಸಿಕ್ಕಿಸಿ ನೋಡಿ. ಓಟದಲ್ಲಿ 82ರಿಂದ 95 ಡಿಗ್ರಿ ಸರಿ. 105 ದಾಟಿದರೆ ಗಾಡಿ ಪಕ್ಕಕ್ಕೆ ಹಾಕಿ. ಅತಿ ಬಿಸಿ ಒಮ್ಮೆ ಆದರೂ ಸಾಕು, ಹೌಸಿಂಗುಗಳ ನಡುವಿನ ಕೂಲಂಟ್ ಸೀಲ್ ಹೋಗುತ್ತದೆ, ಎಂಜಿನ್ ಬಿಚ್ಚದೆ ಅದನ್ನು ಹಾಕಲಾಗದು. ಅದು ಹೋಗಿರುವ ಸುಳಿವು: ರಾತ್ರಿಯಿಡೀ ತಣ್ಣಗಾದ ಮೇಲೂ ಬೆಳಿಗ್ಗೆ ಕೂಲಂಟ್ ಬಾಟಲಿಯ ಮುಚ್ಚಳ ತೆರೆದಾಗ ಬುಸ್ ಎನ್ನುವುದು, ಸ್ಟಾರ್ಟ್ ಮಾಡಿದಾಗ ಸಿಹಿ ವಾಸನೆಯ ಬಿಳಿ ಹೊಗೆ, ಬಾಟಲಿಯಲ್ಲಿ ನಿಲ್ಲದ ಗುಳ್ಳೆ. ಇಲ್ಲಿ ಮೂರೂ ಇಲ್ಲ. ಕೂಲಂಟ್ ಕಡಿಮೆ ಎಂಬ ದೀಪ ಮಾತ್ರ ಉರಿಯುತ್ತಿದೆ, ಮಟ್ಟ ಸರಿಯಿದ್ದರೂ. ಬಾಟಲಿಯೊಳಗಿನ ಸೆನ್ಸರ್ ಕೆಡುವುದು ಹಳೆಯ ಕಾಯಿಲೆ. ಮುಚ್ಚಳ ಹೊಸದು, ಥರ್ಮೋಸ್ಟಾಟ್ ಹೊಸದು, ಬಾಟಲಿ ಆರ್ಡರ್ ಆಗಿದೆ. ತುಂಬುವಾಗ ಹೀಟರ್ ಪೂರ್ತಿ ಬಿಸಿಗಿಟ್ಟು, ಕಾರಿನ ಮೂತಿ ಎತ್ತರದಲ್ಲಿಟ್ಟು ಗಾಳಿ ಹೊರಡಿಸಬೇಕು.

20 ಅಕ್ಟೋಬರ್, ಭಾನುವಾರ

ಸಣ್ಣಪುಟ್ಟದ್ದು. 3,750 ಸುತ್ತಿನ ಸುಮಾರಿಗೆ ತೆರೆದು ಎಂಜಿನ್ನಿಗೆ ಹೆಚ್ಚು ಗಾಳಿ ಬಿಡಬೇಕಾದ ಸೆಕೆಂಡರಿ ಶಟರ್ ವಾಲ್ವ್ ಕಾರ್ಬನ್ ಕಟ್ಟಿ ಅಂಟಿಕೊಂಡಿತ್ತು. ಅದರ ಕಡ್ಡಿಯನ್ನು ಬೆರಳಲ್ಲಿ ತಳ್ಳಿದರೆ ಸಲೀಸಾಗಿ ತಿರುಗಿ ಸ್ಪ್ರಿಂಗಿನಿಂದ ವಾಪಸ್ ಬರಬೇಕು, ಬರಲಿಲ್ಲ. ಕಾರ್ಬ್ ಕ್ಲೀನರ್ ಹೊಡೆದು, ನೆನೆಯಬಿಟ್ಟು, ಆಡಿಸಿ, ಮತ್ತೆ ಹೊಡೆದು, ನಾಲ್ಕನೇ ಸಲಕ್ಕೆ ಬಿಟ್ಟಿತು. ಮೇಲಿನ ಸುತ್ತಿನಲ್ಲಿ ಸೊರಗುವ ಎಷ್ಟೋ ಆರ್‌ಎಕ್ಸ್-8ಗಳ ಕಾಯಿಲೆ ಇಷ್ಟೇ. ಒಳಹೋಗುವ ಗಾಳಿಯನ್ನು ಅಳೆಯುವ ಮಾಸ್ ಸೆನ್ಸರಿಗೆ ಅದರದ್ದೇ ಸ್ಪ್ರೇ, ಕಾರ್ಬ್ ಕ್ಲೀನರ್ ಅಲ್ಲ.

ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ 75ಡಬ್ಲ್ಯೂ-90 ಗೇರ್ ಆಯಿಲ್, ಡಿಫರೆನ್ಷಿಯಲ್ಲಿಗೆ ಜಿಎಲ್-5 ದರ್ಜೆಯದು. ಕ್ಲಚ್ ಪೆಡಲಿನ ಬ್ರಾಕೆಟ್ಟಿನ ವೆಲ್ಡಿಂಗ್ ಟಾರ್ಚ್ ಹಾಕಿ ನೋಡಿಯಾಯಿತು, ಬಿರುಕಿಲ್ಲ. ಈ ಸರಣಿಯಲ್ಲಿ ಅದು ಬಿಡುವುದುಂಟು. ಹಿಂದಿನ ಚಕ್ರದ ಕಮಾನಿನಲ್ಲಿ ತುಕ್ಕು ಶುರುವಾಗಿದೆ. ಆಯಿಲ್ ಕೂಲರಿನ ಲೋಹದ ಪೈಪುಗಳು ಚಳಿಗಾಲದ ಉಪ್ಪಿಗೆ ಕೆಂಪಾಗಿವೆ, ಒದ್ದೆಯಾಗಿಲ್ಲ. ತಂತಿ ಬ್ರಷ್ ಹಾಕಿ ತುಕ್ಕುನಿರೋಧಕ ಮೇಣ ಬಳಿದದ್ದಾಯಿತು.

ಕೊನೆಗೆ ಶಾಫ್ಟ್ ಸೆನ್ಸರ್ ಒರೆಸಿ, ಕಲಿತದ್ದನ್ನು ಕಂಪ್ಯೂಟರ್ ಮರೆಯುವಂತೆ ಮಾಡುವ ವಿಧಿ: ಕೀ ಆನ್ ಸ್ಥಾನದಲ್ಲಿ, ಎಂಜಿನ್ ಸ್ಟಾರ್ಟ್ ಮಾಡದೆ, ಎಂಟು ಸೆಕೆಂಡಿನೊಳಗೆ ಬ್ರೇಕ್ ಪೆಡಲ್ ಇಪ್ಪತ್ತು ಸಲ ತುಳಿಯಬೇಕು. ಆಯಿಲ್ ಮುಳ್ಳು ಒಮ್ಮೆ ಮೇಲೆದ್ದು ಇಳಿದರೆ ಆದಂತೆ. ಮೊದಲ ಯತ್ನದಲ್ಲಿ ಎದ್ದಿಲ್ಲ, ತುಳಿತ ನಿಧಾನವಾಯಿತು. ಎರಡನೆಯದಕ್ಕೆ ಎದ್ದಿತು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ, ಸುತ್ತಿನ ಮಿತಿ ಹತ್ತಿರ ಬಂತೆಂದು ಬಜರ್ ಕೂಗುವವರೆಗೂ ಒಂದು ಓಟ, ಕಾರ್ಬನ್ ಉದುರಲೆಂದು. ದಿನಕ್ಕೊಮ್ಮೆ ಹಾಗೆ ಓಡಿಸುವುದೂ ಈ ಕಾರಿನ ನಿರ್ವಹಣೆಯಲ್ಲೇ ಸೇರಿದೆ. ಓಡೋಮೀಟರ್ 94,061. ಎರಡನೇ ಆಯಿಲ್ 94,560ಕ್ಕೆ, ಅದೇ ದಿನ ಎಡ ಚಕ್ರ ಬಿಚ್ಚಿ ಕೆಳಗಿನ ಪ್ಲಗ್ ಎರಡನ್ನೂ ತೆಗೆದು ಬಣ್ಣ ನೋಡುವುದು.