ಕಳ್ಳನಿಗೆಂದು ಹಾಕಿದ ಬೀಗ

ಕಾಡುಪ್ರಾಣಿ ಹಾದರೆ ತಾನೇ ಫೋಟೊ ತೆಗೆಯಲಿ ಅಂತ ಮರಕ್ಕೆ ಕಟ್ಟಿದ್ದ ಮೊದಲ ಕ್ಯಾಮೆರಾ ಕಳುವಾಗಿ ಹೋಗಿದ್ದು ಎಂಟೇ ದಿನಕ್ಕೆ. ಮರದ ಬುಡದಲ್ಲಿ ಬಿದ್ದಿದ್ದು ಪಟ್ಟಿ ಮಾತ್ರ, ಚಾಕುವಿನಿಂದ ನೀಟಾಗಿ ಕೊಯ್ದಿದ್ದರು. ಕದ್ದವನ ಮುಖ ಅದರಲ್ಲಿ ಖಂಡಿತ ಬಂದಿರುತ್ತದೆ. ಆದರೆ ಚಿತ್ರ ಉಳಿಯುವ ಮೆಮೊರಿ ಕಾರ್ಡೂ ಅದರ ಜೊತೆಗೇ ಹೋಯಿತಲ್ಲ!

ತಪ್ಪು ನನ್ನದೇ. ಗೆಳೆಯನ ಜಮೀನಿನ ಅಂಚು, ಇಲ್ಲಿಗೆ ಯಾರು ಬರುತ್ತಾರೆ ಅಂದುಕೊಂಡು ಕಾಲುದಾರಿಯ ಪಕ್ಕದಲ್ಲೇ ಎದೆಮಟ್ಟಕ್ಕೆ ಕಟ್ಟಿದ್ದೆ. ಅದೂ ರಾತ್ರಿ ಚಿತ್ರಕ್ಕೆ 850 ನ್ಯಾನೋಮೀಟರ್ ತರಂಗಾಂತರದ ಇನ್‌ಫ್ರಾರೆಡ್ ದೀಪ ಹೊತ್ತಿಸುವ ಮಾದರಿ. ಕತ್ತಲಲ್ಲಿ ಎದುರು ನಿಂತವರಿಗೆ ಆ ದೀಪಗಳು ಮಂಕಾದ ಕೆಂಡದ ಚುಕ್ಕಿಗಳ ಹಾಗೆ ಕಾಣುತ್ತವೆ. ಎರಡನೆಯದನ್ನು ಕೊಳ್ಳುವಾಗ 940ರದ್ದೇ ಬೇಕು ಅಂತ ಹುಡುಕಿದೆ. ಅದರ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ. ರಾತ್ರಿ ಚಿತ್ರ ಸ್ವಲ್ಪ ಮಸುಕು, ದೂರಕ್ಕೂ ಅಷ್ಟಾಗಿ ಎಟುಕದು. ಇರಲಿ, ಕ್ಯಾಮೆರಾನೇ ಇಲ್ಲದೆ ಇರೋದಕ್ಕಿಂತ ವಾಸಿ.

ಜೊತೆಗೆ ಕಬ್ಬಿಣದ ಪೆಟ್ಟಿಗೆ, ಉಕ್ಕಿನ ಕೇಬಲ್, ಒಂದು ಗಟ್ಟಿ ಬೀಗ. ಪಾಸ್‌ವರ್ಡ್ ಕೂಡ ಹಾಕಿದೆ. ಕದ್ದರೂ ಅವನಿಗೆ ಉಪಯೋಗಕ್ಕೆ ಬರಬಾರದು ಅನ್ನೋ ಹೊಟ್ಟೆಉರಿ, ಅಷ್ಟೇ.

ಆವತ್ತು ಜಾಗ ಹುಡುಕುವುದಕ್ಕೇ ಎರಡು ಗಂಟೆ ಹಿಡಿಯಿತು. ಜನ ಓಡಾಡುವ ದಾರಿ ಬಿಟ್ಟು ಒಳಗೆ ಹೋದರೆ ಪೊದೆಗಳ ನಡುವೆ ಸಣ್ಣದೊಂದು ಜಾಡು. ಗೊರಸಿನ ಗುರುತು, ಒಣಗಿದ ಹಿಕ್ಕೆ, ಬೇಲಿ ತಂತಿಗೆ ಸಿಕ್ಕಿಕೊಂಡ ನಾಲ್ಕು ಕೂದಲು. ಜಾಡು ಸಿಕ್ಕಿತು, ಸರಿಯಾದ ಮರ ಸಿಗಬೇಕಲ್ಲ. ತೆಳ್ಳಗಿದ್ದರೆ ಗಾಳಿಗೆ ಓಲಾಡುತ್ತದೆ. ದಪ್ಪಗಿದ್ದರೆ ಕೇಬಲ್ ಸಾಲದು. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದರೆ ಸೂರ್ಯ ನೇರ ಲೆನ್ಸಿಗೆ ಹೊಡೆಯುತ್ತಾನೆ.

ಈ ಕ್ಯಾಮೆರಾ ಎಚ್ಚರವಾಗುವುದು ಬರೀ ಅಲುಗಾಟಕ್ಕಲ್ಲ. ಸುತ್ತಲಿಗಿಂತ ಬೇರೆ ಬಿಸಿಯಿರುವ ಏನಾದರೂ ಅದರ ಮುಂದೆ ಸರಿದಾಡಬೇಕು. ಪ್ರಾಣಿ ಎದುರಿನಿಂದ ಬರುವುದಕ್ಕಿಂತ ಅಡ್ಡ ಹಾದರೆ ಬೇಗ ಗುರುತಿಸುತ್ತದೆ. ಬಿಸಿಲಿಗೆ ಕಾದ ಹುಲ್ಲು ಅಲ್ಲಾಡಿದರೆ ಅದೂ ಅದರ ಪಾಲಿಗೆ ಪ್ರಾಣಿಯೇ. ಜಾಡಿಗೆ ಸ್ವಲ್ಪ ಓರೆಯಾಗಿ, ನಾಲ್ಕು ಮೀಟರ್ ದೂರದಲ್ಲಿ, ಮಂಡಿ ಎತ್ತರಕ್ಕೆ ಇಟ್ಟೆ. ಟೆಸ್ಟ್ ಮೋಡ್ ಹಾಕಿ, ಆ ಕಡೆ ಈ ಕಡೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಜಾಡಿನ ಮೇಲೆ ಅಂಬೆಗಾಲಿಟ್ಟೆ. ನನ್ನನ್ನು ಗುರುತಿಸಿತು ಅಂತ ಪುಟ್ಟ ದೀಪ ಮಿನುಗಿತು. ಹಿಂದೆ ಅಮೆರಿಕದ ವನ್ಯಜೀವಿ ಛಾಯಾಗ್ರಾಹಕ ಜಾರ್ಜ್ ಶೈರಾಸ್ ದಾರಿಗೆ ಅಡ್ಡ ತಂತಿ ಕಟ್ಟಿ, ಪ್ರಾಣಿಯೇ ಎಳೆದು ತನ್ನ ಫೋಟೊ ತೆಗೆಸಿಕೊಳ್ಳುವ ಹಾಗೆ ಮಾಡಿದ್ದರು. ಅವರ ಚಿತ್ರಗಳು 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂದವು. ತಂತಿ ಸರಿಯಿದೆಯಾ ಅಂತ ನೋಡಲು ಅವರೂ ಹೀಗೆ ತೆವಳಿದ್ದರಾ ಅಂತ ನಗು ಬಂತು.

ಪೆಟ್ಟಿಗೆಯ ತೂತಿನಲ್ಲಿ ಕೇಬಲ್ ತೂರಿಸುವುದೇ ದೊಡ್ಡ ಕೆಲಸ. ಮರ ಸುತ್ತಿ ಬರುವಷ್ಟರಲ್ಲಿ ಈಚೆ ತುದಿ ಜಾರುತ್ತದೆ. ಒಂದು ತುದಿ ಮೊಣಕಾಲಲ್ಲಿ ಒತ್ತಿ ಹಿಡಿದು, ಇನ್ನೊಂದನ್ನು ತಡಕಾಡಿ ಎಳೆದೆ. ತೊಗಟೆ ಉಜ್ಜಿ ಬೆರಳಿನ ಗೆಣ್ಣು ತರಚಿತು. ಕೊನೆಗೆ ಬೀಗ ಕಟಕ್ ಅಂತು. ಎರಡೂ ಕೈಯಲ್ಲಿ ಜಗ್ಗಿದೆ. ಅಲ್ಲಾಡಲಿಲ್ಲ. ಮುಂದೆ ಬಲಕ್ಕೆ ಉದ್ದನೆಯ ಹುಲ್ಲೊಂದು ಬಾಗಿತ್ತು. ಕೀಳಬೇಕಿತ್ತು. ಸಾಕಾಗಿತ್ತು, ಬಿಟ್ಟು ಬಂದೆ.

ಎರಡು ವಾರ ಬಿಟ್ಟು ಹೋದೆ. ಕ್ಯಾಮೆರಾ ಇದ್ದಲ್ಲೇ ಇತ್ತು! ಖುಷಿಯಿಂದ ಜೇಬಿಗೆ ಕೈ ಹಾಕಿದರೆ ಬೀಗದ ಕೈ ಇಲ್ಲ. ಮನೆಯ ಮೇಜಿನ ಮೇಲಿತ್ತು, ಹೊಸ ಬ್ಯಾಟರಿಗಳ ಪಕ್ಕದಲ್ಲೇ. ಪೆಟ್ಟಿಗೆ ತೆರೆಯದೆ ಕಾರ್ಡ್ ಸಿಗುವುದಿಲ್ಲ. ಕಳ್ಳನಿಗೆ ಎಷ್ಟು ಗಟ್ಟಿಯೋ ನನಗೂ ಅಷ್ಟೇ ಗಟ್ಟಿ.

ಮಾರನೇ ದಿನ ಮತ್ತೆ ಹೋದೆ. ಪೆಟ್ಟಿಗೆ ತೆರೆದರೆ ಮೂಲೆಯಲ್ಲಿ ಇರುವೆಗಳು ಬಿಳಿ ಮೊಟ್ಟೆ ಹೊತ್ತು ಗಾಬರಿಯಿಂದ ಓಡಿದವು. ಕಾರ್ಡಿನಲ್ಲಿ ಸಾವಿರಕ್ಕೂ ಜಾಸ್ತಿ ಚಿತ್ರ. ಬಹುಪಾಲು ಅದೇ ಹುಲ್ಲು, ಬೆಳಗಿನ ಹುಲ್ಲು, ಮಧ್ಯಾಹ್ನದ ಹುಲ್ಲು. ನಡುವೆ ಒಂದು ರಾತ್ರಿ ಜಿಂಕೆ, ಅದರ ಹಿಂದೆ ಮರಿ. ಮರಿಯ ಒಂದು ಕಾಲು ಗಾಳಿಯಲ್ಲೇ ಇತ್ತು. ಆ ಒಂದು ಚಿತ್ರವನ್ನು ಎಷ್ಟು ಸಲ ನೋಡಿದೆನೋ.

ಆಮೇಲೆ ಹಿಂದಿನ ದಿನದ 27 ಚಿತ್ರಗಳು. ಎಲ್ಲದರಲ್ಲೂ ನಾನೇ. ಜೇಬು ಹೊರಗೆ ಎಳೆದು ನೋಡುತ್ತಿದ್ದೇನೆ, ಚೀಲ ನೆಲಕ್ಕೆ ಸುರಿದಿದ್ದೇನೆ, ತಲೆ ಕೆರೆಯುತ್ತಿದ್ದೇನೆ. ಕೊನೆಯ ಕೆಲವದರಲ್ಲಿ ಬೀಗ ಜಗ್ಗುವ ಕೈ, ಲೆನ್ಸಿಗೆ ಅಂಟಿದ ಹಾಗೆ. ಗೆಳೆಯನಿಗೆ ತೋರಿಸಿದೆ. "ಸಿಕ್ಕಿಬಿದ್ನಲ್ಲೋ ಕಳ್ಳ!" ಅಂದ.